ಕವರತ್ತಿಯೋ, ಪೋರ್ಟ್ ಬ್ಲೇರೋ? ನನ್ನ ವೋಟು ಬ್ಲೇರಿಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಪೋರ್ಟ್ ಬ್ಲೇರ್. 2024ರಲ್ಲಿ ಅದು ಶ್ರೀ ವಿಜಯಪುರಂ ಆಯ್ತು, ಆದರೆ ನನ್ನ ಬಾಯಿಗೆ ಹಳೇ ಹೆಸರೇ ಬರುತ್ತದೆ. ಹುಬ್ಬಳ್ಳಿಯಿಂದ ಯುಪಿಎಸ್, ಬ್ಯಾಟರಿ ಕೆಲಸಕ್ಕೆ ಅಂತ ಕಂಪನಿ ನನ್ನನ್ನು ಮೊದಲು ಲಕ್ಷದ್ವೀಪದ ಕವರತ್ತಿಗೆ ಹಾಕಿತು, ಆಮೇಲೆ ಅಂಡಮಾನಿಗೆ. ಎರಡೂ ಕಡೆ ಬಾಡಿಗೆ ಮನೆ ಹಿಡಿದು ನಾನೇ ಅಡುಗೆ ಮಾಡಿಕೊಂಡು ಇದ್ದವನು. ಸಮುದ್ರದ ಬಣ್ಣ ಹೇಗಿದೆ ಅಂತೆಲ್ಲ ಬರೆಯೋದಿಲ್ಲ, ಫೋಟೋ ನೋಡಿರುತ್ತೀರಿ.

ಕವರತ್ತಿಯಲ್ಲಿ ದೊಡ್ಡ ತಲೆನೋವು ಅಂದರೆ ಊರಿಗೆ ಬರೋದು. ಅಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಇರೋದು ಅಗತ್ತಿ ದ್ವೀಪದಲ್ಲಿ, ಅಲ್ಲಿಗೆ ಬೇರೆ ಬೋಟು ಹಿಡಿಯಬೇಕು. ಅಲ್ಲಿನ ರನ್‌ವೇ ಚಿಕ್ಕದು, ಇಳಿಯೋದು ಸಣ್ಣ ವಿಮಾನ, ಸೀಟು ಕಡಿಮೆ. ಇಲ್ಲಾಂದ್ರೆ ಕೊಚ್ಚಿಗೆ ಹಡಗು. ಹೆಲಿಕಾಪ್ಟರ್ ಇದೆ, ಆದರೆ ಅದು ರೋಗಿಗಳಿಗೆ ಮೊದಲು, ಅದು ನ್ಯಾಯವೇ ಬಿಡಿ.

ಗದಗದಲ್ಲಿ ಚಿಕ್ಕಪ್ಪನ ಮಗಳ ಮದುವೆ ಇತ್ತು. ಮಳೆಗಾಲ ಆಗಷ್ಟೇ ಶುರು. ಮೊದಲು ಟಿಕೆಟ್ ಸಿಗಲಿಲ್ಲ, ಸಿಕ್ಕಾಗ ಸಮುದ್ರ ಕೆಟ್ಟು ಬೋಟೇ ಬಿಡಲಿಲ್ಲ. ಬ್ಯಾಗ್ ಹಿಡಿದು ಜೆಟ್ಟಿಯಲ್ಲಿ ಚಡಪಡಿಸುತ್ತಿದ್ದರೆ, ಪಕ್ಕದಲ್ಲಿ ಅಲ್ಲಿಯ ಅಜ್ಜ ಒಬ್ಬರು ಕೊಬ್ಬರಿ ಚೀಲದ ಮೇಲೆ ಆರಾಮಾಗಿ ಕೂತು, ಒದ್ದೆಯಾದ ಬೀಡಿ ಹಚ್ಚಲು ಕಡ್ಡಿ ಮೇಲೆ ಕಡ್ಡಿ ಗೀರುತ್ತಿದ್ದರು. ನಾಳೆ ನೋಡೋಣ ಅಂದರು. ನಾಳೆಯೂ ಬಿಡಲಿಲ್ಲ. ಮದುವೆ ನೋಡಿದ್ದು ವಿಡಿಯೊ ಕಾಲ್‌ನಲ್ಲಿ. ಕೊಚ್ಚಿಯಿಂದ ಸಮುದ್ರದಡಿಯ ಇಂಟರ್ನೆಟ್ ಕೇಬಲ್ 2024ರಲ್ಲಿ ಶುರುವಾದದ್ದಕ್ಕೆ ತಾಳಿ ಕಟ್ಟಿದ್ದಾದರೂ ನೆಟ್ಟಗೆ ಕಂಡಿತು.

ಪೋರ್ಟ್ ಬ್ಲೇರ್ ನಕ್ಷೆಯಲ್ಲಿ ಎಷ್ಟೋ ದೂರ, ಚೆನ್ನೈಯಿಂದ ಹಡಗಿನಲ್ಲಿ ಹೋದರೆ ಸುಮಾರು ಮೂರು ದಿನ. ಆದರೆ ಊರೊಳಗೇ ದೊಡ್ಡ ವಿಮಾನ ಇಳಿಯುತ್ತದೆ. ಮುಂಜಾನೆ ಹೊರಟು ಚೆನ್ನೈ ಮುಟ್ಟಿದರೆ ಮುಂದಿನದು ರೈಲೋ ಬಸ್ಸೋ, ನಮಗೆ ಗೊತ್ತಿರೋ ದಾರಿ. ದುಡ್ಡು ಜಾಸ್ತಿ ಹೋಗುತ್ತದೆ, ಹೋಗಲಿ. ಮನೆಯಲ್ಲಿ ವಯಸ್ಸಾದ ಅವ್ವ ಇದ್ದಾಳೆ.

ಊಟ. ನಾನು ಮೀನು ತಿನ್ನುವವನಲ್ಲ, ಹಾಗಾಗಿ ಕವರತ್ತಿಯ ಒಳ್ಳೆಯ ಟ್ಯೂನಾ ನನಗೆ ಉಪಯೋಗವಿಲ್ಲ. ತರಕಾರಿ ಹಡಗಿನಲ್ಲಿ ಬರಬೇಕು, ಹಡಗು ತಡವಾದರೆ ಅಂಗಡಿಯ ಬುಟ್ಟಿಯಲ್ಲಿ ಮೊಳಕೆ ಬಂದ ಆಲೂಗಡ್ಡೆ ಅಷ್ಟೇ. ಬ್ಲೇರಿನ ಅಬರ್ಡೀನ್ ಬಜಾರಿನಲ್ಲಿ ರೇಟು ಕೇಳಿದರೆ ತಲೆ ತಿರುಗುತ್ತದೆ, ಆದರೆ ಸೊಪ್ಪು ಸಿಗುತ್ತದೆ.

ನೀರು: ಕವರತ್ತಿಯಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ 2005ರಿಂದಲೇ ಇದೆ. ಬ್ಲೇರಿನಲ್ಲಿ ಬೇಸಿಗೆ ಬಂದರೆ ದಿನ ಬಿಟ್ಟು ದಿನ ನಳ. ಅಲ್ಲಿಯವರು ಗೊಣಗುತ್ತಿದ್ದರು, ನನಗೆ ನಗು. ಹುಬ್ಬಳ್ಳಿಯವನಿಗೆ ದಿನ ಬಿಟ್ಟು ದಿನ ಅಂದರೆ ಹಬ್ಬ ಅಲ್ವಾ!

ಭಾಷೆ: ಬ್ಲೇರಿನಲ್ಲಿ ಹಿಂದಿ ಸಾಕು, ಕವರತ್ತಿಯಲ್ಲಿ ಮಲಯಾಳಂ ಬೇಕು.

ನೆಮ್ಮದಿ ಮಾತ್ರ ಕವರತ್ತಿಯದೇ. ಇಡೀ ದ್ವೀಪ ಸುಮಾರು 4 ಚದರ ಕಿಲೋಮೀಟರ್. ಬೈಕಿನ ಕೀಲಿ ಬೈಕಿಗೇ ಬಿಟ್ಟು ಹೋಗುತ್ತಿದ್ದೆ. ಹೊತ್ತೂ ಅಲ್ಲಿ ನಮ್ಮೂರಿನ ಲೆಕ್ಕದಲ್ಲೇ ನಡೆಯುತ್ತದೆ. ಬ್ಲೇರಿನಲ್ಲಿ ಡಿಸೆಂಬರ್‌ನಲ್ಲಿ ಸಂಜೆ 5ಕ್ಕೇ ಸೂರ್ಯ ಮುಳುಗಿ, 7ಕ್ಕೆ ನಿದ್ದೆ ಎಳೆಯುತ್ತದೆ.

ಒಂಟಿಯಾಗಿದ್ದು, ಮೀನು ಇಷ್ಟಪಟ್ಟು, ಊರಿನ ಕಾರ್ಯಕ್ರಮಗಳಿಂದ ತಪ್ಪಿಸಿಕೊಳ್ಳಬೇಕಿದ್ದರೆ ಕವರತ್ತಿ ಕೇಳಿಕೊಳ್ಳಿ. ನನಗೆ ಮತ್ತೆ ಹಾಕಿದರೆ ಬ್ಲೇರೇ ಬೇಕು. ಜೋಳದ ಹಿಟ್ಟು ಮಾತ್ರ ನನಗೆ ಎರಡೂ ಕಡೆ ಸಿಗಲಿಲ್ಲ, ಊರಿಂದಲೇ ಒಯ್ಯಿರಿ.