ಟಿವಿಗೆ ಗ್ಲಾಸ್ ಕ್ಲೀನರ್ ಹೊಡೆಯುವ ಮುನ್ನ ಕೆಳಗಿನ ಅಂಚು ನೋಡಿ

ಆಯುಧಪೂಜೆ, ದೀಪಾವಳಿ, ಯುಗಾದಿ ಹತ್ತಿರ ಬಂತೆಂದರೆ ಟಿವಿ ರಿಪೇರಿ ಅಂಗಡಿಗಳಿಗೆ ಒಂದೇ ಥರದ ದೂರು ಬರತೊಡಗುತ್ತದೆ. "ನಿನ್ನೆ ಚೆನ್ನಾಗೇ ಇತ್ತು, ಇವತ್ತು ಮೇಲಿಂದ ಕೆಳಗಿನವರೆಗೆ ಗೆರೆ ಬಂದಿದೆ." ಇಲ್ಲವೇ, "ಅರ್ಧ ಸ್ಕ್ರೀನ್ ಬೆಳ್ಳಗಾಗಿದೆ, ಸೌಂಡ್ ಮಾತ್ರ ಬರ್ತಿದೆ." ವೋಲ್ಟೇಜ್ ಏರುಪೇರಾಗಿರಬೇಕು ಎಂಬುದು ಮನೆಯವರ ಊಹೆ. ವಿಚಾರಿಸುತ್ತಾ ಹೋದರೆ ಸಂಗತಿ ಹೊರಬೀಳುತ್ತದೆ: ಕಿಟಕಿ ಗಾಜು ಒರೆಸಿ ಉಳಿದ ನೀಲಿ ಕ್ಲೀನರನ್ನು ಟಿವಿಗೂ ನಾಲ್ಕು ಸಲ ಹೊಡೆದು, ಹಳೆ ಬನಿಯನ್ನಿನಲ್ಲಿ ತಿಕ್ಕಿ, ಆಮೇಲೆ ಆನ್ ಮಾಡಿದ್ದಾರೆ. ಪರದೆಯೇನೋ ಫಳಫಳ ಹೊಳೆಯುತ್ತಿರುತ್ತದೆ. ಹಾಳಾಗಿರುವ ಜಾಗ ಕಣ್ಣಿಗೆ ಬೀಳುವುದಿಲ್ಲ.

ಹಳೆಯ ಡಬ್ಬಾ ಟಿವಿಯ ಮುಂಭಾಗ ದಪ್ಪ ಗಾಜು. ಅದಕ್ಕೆ ಏನು ಹಚ್ಚಿ ಒರೆಸಿದರೂ ನಡೆಯುತ್ತಿತ್ತು. ಈಗಿನ ಬಹುಪಾಲು ಎಲ್‌ಇಡಿ ಟಿವಿಗಳಲ್ಲಿ ಕೈಗೆ ತಾಗುವುದು ಗಾಜೇ ಅಲ್ಲ, ಪೋಲರೈಸರ್ ಎಂಬ ಪ್ಲಾಸ್ಟಿಕ್ ಹಾಳೆ. ಎದುರಿನ ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಅದರ ಮೇಲೊಂದು ತೆಳು ಲೇಪನ ಇರುತ್ತದೆ. ಅಮೋನಿಯಾ, ಅಸಿಟೋನ್ (ಅಂದರೆ ನೈಲ್ ಪಾಲಿಷ್ ರಿಮೂವರ್), ಥಿನ್ನರ್, ಸ್ಪಿರಿಟ್ ಇವೆಲ್ಲ ಈ ಲೇಪನದ ಶತ್ರುಗಳು. ಲೇಪನ ಎದ್ದ ಕಡೆ ಟಿವಿ ಆಫ್ ಇದ್ದಾಗ ಓರೆಯಾಗಿ ನೋಡಿದರೆ ಮಿರುಗುವ ಪಟ್ಟೆ ಕಾಣಿಸುತ್ತದೆ. ಅದನ್ನು ಮತ್ತೆ ಹಚ್ಚಿ ಸರಿಮಾಡುವ ದಾರಿ ಮನೆಯಲ್ಲೂ ಇಲ್ಲ, ಸಾಮಾನ್ಯ ರಿಪೇರಿ ಅಂಗಡಿಯಲ್ಲೂ ಇಲ್ಲ.

ಕಲೆಯಾದರೆ ಹೇಗೋ ಸಹಿಸಿಕೊಂಡು ನೋಡಬಹುದು. ಟಿವಿಯನ್ನೇ ಕೊಲ್ಲುವುದು ಕೆಳಗೆ ಇಳಿದ ಹನಿ. ಪರದೆಗೆ ಚಿತ್ರದ ಸಂಕೇತ ಒಯ್ಯುವ ಪಟ್ಟಿಗಳು ಎಷ್ಟೋ ಮಾಡೆಲ್‌ಗಳಲ್ಲಿ ಕೆಳಗಿನ ಅಂಚಿನಲ್ಲಿವೆ, ಕೆಲವದರಲ್ಲಿ ಮೇಲಿನ ಅಂಚಿನಲ್ಲಿ. ಮೆಕ್ಯಾನಿಕ್‌ಗಳು ಇದನ್ನು ಸಿಒಎಫ್ ಎನ್ನುತ್ತಾರೆ: ಬಗ್ಗುವ ತೆಳು ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೊಂದು ಚಿಪ್, ತುದಿ ನೇರವಾಗಿ ಪ್ಯಾನೆಲ್ ಗಾಜಿಗೆ ಅಂಟಿಕೊಂಡಿರುತ್ತದೆ. ಅದರ ತಂತುಗಳ ನಡುವಿನ ಅಂತರ ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುವಷ್ಟು ಕಿರಿದು. ಪರದೆಯ ಮೇಲೆ ಹೊಡೆದ ದ್ರವ ಕೆಳಗಿಳಿದು ಫ್ರೇಮು ಮತ್ತು ಪ್ಯಾನೆಲ್ ನಡುವಿನ ಸಂದಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ದೀಪದ ಬತ್ತಿ ಎಣ್ಣೆ ಎಳೆದುಕೊಂಡಂತೆ ಒಳಕ್ಕೆ ಹೋಗುತ್ತದೆ. ಫ್ರೇಮೇ ಇಲ್ಲದಂತೆ ಕಾಣುವ ಹೊಸ ಮಾಡೆಲ್‌ಗಳಲ್ಲಿ ಈ ಸಂದಿಗೆ ಮರೆಯೂ ಕಡಿಮೆ. ಒಳಗೆ ಒದ್ದೆ ಇರುವಾಗ ಕರೆಂಟ್ ಹರಿದರೆ ತಂತು ತಂತುಗಳ ನಡುವೆ ಶಾರ್ಟ್ ಆಗುತ್ತದೆ, ಇಲ್ಲವೇ ನಿಧಾನಕ್ಕೆ ತುಕ್ಕು ಹಿಡಿಯುತ್ತದೆ. ಒರೆಸಿದ ದಿನ ಸರಿಯಾಗಿದ್ದ ಟಿವಿ ಎರಡು ಮೂರು ವಾರದ ಮೇಲೆ ಕೈಕೊಡುವುದೂ ಇದರಿಂದಲೇ.

ಸಿಒಎಫ್ ಬದಲಿಸಲು ಪಟ್ಟಿಯನ್ನು ಗಾಜಿಗೆ ಅಂಟಿಸುವ ಬಾಂಡಿಂಗ್ ಮೆಷಿನ್ ಬೇಕು. ಅದು ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಇದ್ದಲ್ಲೂ ಕೆಲಸಕ್ಕೆ ಗ್ಯಾರಂಟಿ ಕೊಡುವವರು ಕಡಿಮೆ. ಸರ್ವೀಸ್ ಸೆಂಟರಿನವರು ಸಾಮಾನ್ಯವಾಗಿ ಪ್ಯಾನೆಲ್ಲೇ ಬದಲಿಸಬೇಕು ಎನ್ನುತ್ತಾರೆ. ಆ ಲೆಕ್ಕ ಹಲವು ಸಲ ಹೊಸ ಟಿವಿಯ ಬೆಲೆಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ದ್ರವ ಹೋಗಿ ಕೆಟ್ಟಿದ್ದಕ್ಕೆ ವಾರಂಟಿ ಅನ್ವಯಿಸುವುದಿಲ್ಲವೆಂದು ಕಾರ್ಡಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಬಿಚ್ಚಿದಾಗ ಒಳಗೆ ಒಣಗಿದ ಕಲೆ ಸಿಕ್ಕರೆ ವಾದಕ್ಕೆ ಜಾಗವಿಲ್ಲ.

ಹಾಗಾದರೆ ಒರೆಸುವುದು ಹೇಗೆ? ಆಫ್ ಮಾಡಿ, ಪ್ಲಗ್ ಕಿತ್ತು, 20 ನಿಮಿಷ ಆರಲು ಬಿಡಿ. ಬಿಸಿ ಪರದೆಯ ಮೇಲೆ ತೇವ ಬೇಗ ಆರಿ ಗೀರುಗೀರಾಗಿ ಕಲೆ ನಿಲ್ಲುತ್ತದೆ; ಕಪ್ಪು ಪರದೆಯಲ್ಲಿ ಜಿಡ್ಡು, ಬೆರಳಚ್ಚು ಚೆನ್ನಾಗಿ ಕಾಣುತ್ತವೆ ಕೂಡ. ಒಎಲ್‌ಇಡಿ ಟಿವಿಯಾದರೆ ರಿಮೋಟ್‌ನಲ್ಲಿ ಆಫ್ ಮಾಡಿದ ಕೂಡಲೇ ಪ್ಲಗ್ ಕೀಳಬೇಡಿ. ತುಂಬಾ ಹೊತ್ತು ಓಡಿದ ಮೇಲೆ ಅದು ಸ್ಟ್ಯಾಂಡ್‌ಬೈಯಲ್ಲಿ ಕೆಲವು ನಿಮಿಷ ತನ್ನ ಪಿಕ್ಸೆಲ್‌ಗಳನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಮೊದಲು ಒಣ ಧೂಳು ಹೋಗಬೇಕು. ನಮ್ಮ ಮನೆಗಳಿಗೆ ನುಗ್ಗುವ ರಸ್ತೆ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ, ಅವು ಪರದೆಯ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಗಟ್ಟಿ. ಧೂಳಿನ ಮೇಲೇ ಒದ್ದೆ ಬಟ್ಟೆ ಎಳೆದರೆ ಕೂದಲೆಳೆ ಗೀರು ಖಚಿತ. ಒಣ ಮೈಕ್ರೋಫೈಬರ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಒತ್ತದೆ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಸವರಿ. ಒಂದು ಮುಖ ಕೊಳೆಯಾದರೆ ಮಡಿಕೆ ತಿರುಗಿಸಿ. ಅರ್ಧಕ್ಕರ್ಧ ಟಿವಿಗಳಿಗೆ ಇಷ್ಟೇ ಸಾಕು. ಪ್ರತಿವಾರ ತೇವ ಮಾಡುವ ಹಟ ಏಕೆಂದು ಗೊತ್ತಾಗುವುದಿಲ್ಲ.

ಒಗ್ಗರಣೆ ಹೊಗೆ, ಊದುಬತ್ತಿ ಹೊಗೆಯ ಜಿಡ್ಡು ಮಾತ್ರ ಒಣಬಟ್ಟೆಗೆ ಜಗ್ಗುವುದಿಲ್ಲ. ಅದಕ್ಕೆ ಡಿಸ್ಟಿಲ್ಡ್ ವಾಟರ್ ತನ್ನಿ. ಇನ್ವರ್ಟರ್ ಬ್ಯಾಟರಿಗೆ ಹಾಕುವುದೂ ಅದೇ, ಆದರೆ ಲೇಬಲ್ ಓದಿ ಕೊಳ್ಳಿ, ಬ್ಯಾಟರಿ ಆಸಿಡ್ ಬೇರೆ. ಬೋರ್‌ವೆಲ್ ನೀರು ಬೇಡ, ಅದರ ಲವಣ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಆರ್‌ಒ ನೀರು ನಡೆಯುತ್ತದೆ. ನೀರು ಬೀಳಬೇಕಾದ್ದು ಬಟ್ಟೆಯ ಮೇಲೆ, ಅದೂ ಟಿವಿಯಿಂದ ದೂರ ನಿಂತು. ಬಟ್ಟೆಯನ್ನು ಬಲವಾಗಿ ಹಿಂಡಿದರೂ ಒಂದು ಹನಿ ಬರಬಾರದು. ಬಂದರೆ ಅದು ಹೆಚ್ಚಾಯಿತು. ಜಿಡ್ಡು ಹಟಮಾರಿಯಾದರೆ ಅರ್ಧ ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಇನ್ನೊಂದು ಸಲ, ಕೂಡಲೇ ಒಣ ಬಟ್ಟೆ. ಕೆಳಗಿನ ಎರಡು ಬೆರಳಗಲ ಜಾಗವನ್ನು ಒಣ ಬಟ್ಟೆಯಿಂದ ಮಾತ್ರ, ಅಡ್ಡಡ್ಡ ಒರೆಸಿ. ಪೂರ್ತಿ ಒಣಗಿದ ಮೇಲೆ, ಅರ್ಧ ಗಂಟೆ ಬಿಟ್ಟು ಪ್ಲಗ್ ಹಾಕಿ.

ಒಂದು ಕೈ ಒರೆಸುವಾಗ ಇನ್ನೊಂದು ಕೈ ಫ್ರೇಮಿನ ಹಿಂದಿರಲಿ, ಸ್ಟ್ಯಾಂಡ್ ಮೇಲಿನ ಟಿವಿ ವಾಲುತ್ತದೆ. ಒಣಗಿದ ಕಲೆಯನ್ನು ಉಗುರಿನಿಂದ ಕೆರೆಯುವುದು, ಹೆಬ್ಬೆರಳಿಟ್ಟು ಉಜ್ಜುವುದು ಬೇಡ. ಒತ್ತಿದ ಕಡೆ ಒಳಗಿನ ತೆಳು ಗಾಜು ಬಿರುಕು ಬಿಡಬಹುದು, ಹೊರಗಿನ ಹಾಳೆಯ ಮೇಲೆ ಗುರುತೇ ಇರುವುದಿಲ್ಲ. ತೇವದ ಬಟ್ಟೆಯನ್ನು ಕಲೆಯ ಮೇಲೆ ಹತ್ತು ಸೆಕೆಂಡ್ ಹಗುರವಾಗಿ ಇಟ್ಟರೆ ಅದು ತಾನೇ ಮೆತ್ತಗಾಗುತ್ತದೆ. ಟಿಶ್ಯೂ, ನ್ಯೂಸ್‌ಪೇಪರ್, ಟವೆಲ್ ಒರಟು. ಮೈಕ್ರೋಫೈಬರನ್ನು ಒಗೆಯುವಾಗ ಬಟ್ಟೆ ಮೃದುಗೊಳಿಸುವ ಲಿಕ್ವಿಡ್ ಹಾಕಬೇಡಿ, ಅದರ ಅಂಶ ಮುಂದಿನ ಸಲ ಪರದೆಗೆ ಮೆತ್ತಿಕೊಳ್ಳುತ್ತದೆ. ಗೀರಿಗೆ ಟೂತ್‌ಪೇಸ್ಟ್ ಹಚ್ಚುವ ವಿಡಿಯೋಗಳನ್ನಂತೂ ನಂಬಲೇಬೇಡಿ. ಪೇಸ್ಟಿನಲ್ಲಿರುವುದು ಉಜ್ಜುವ ಪುಡಿ, ಒಂದು ಗೀರಿದ್ದ ಜಾಗದಲ್ಲಿ ಅಂಗೈಯಗಲ ಮಂಕು ಉಳಿಯುತ್ತದೆ.

ಹಿಂಭಾಗದ ಗಾಳಿಕಿಂಡಿಗಳಿಗೆ ಒಣ ಪೇಂಟ್ ಬ್ರಷ್ ಸಾಕು. ಹಿಂದಿನ ಕವರ್ ಬಿಚ್ಚಬೇಡಿ; ಪವರ್ ಸಪ್ಲೈ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು 300 ವೋಲ್ಟಿಗೂ ಮೀರಿದ ಚಾರ್ಜ್ ಉಳಿದಿರಬಹುದು. ಇರುವೆ, ಜಿರಲೆ ಒಳಗೆ ಹೋದವೆಂದು ಕಿಂಡಿಗೆ ಕೀಟನಾಶಕ ಸ್ಪ್ರೇ ಹೊಡೆಯುವವರಿದ್ದಾರೆ. ಅಂಥ ಕ್ಯಾನ್‌ಗಳಲ್ಲಿ ದ್ರವವನ್ನು ಹೊರದಬ್ಬುವ ಗ್ಯಾಸ್ ಸಾಮಾನ್ಯವಾಗಿ ಬೆಂಕಿ ಹಿಡಿಯುವಂಥದ್ದು.

ಈಗಾಗಲೇ ಹೊಡೆದು, ಕೆಳಗೆ ಇಳಿದಿದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ. "ಓಡುತ್ತಾ ನೋಡೋಣ" ಎಂದು ಆನ್ ಮಾಡುವುದೇ ಅರ್ಧ ಟಿವಿಗಳನ್ನು ಮುಗಿಸುವುದು. ನಿಂತ ಸ್ಥಿತಿಯಲ್ಲೇ ಇರಲಿ; ಮಲಗಿಸಿದರೆ ದ್ರವ ಬ್ಯಾಕ್‌ಲೈಟಿನ ಹಾಳೆಗಳ ನಡುವೆ ಹರಡಿ ಮೋಡದಂಥ ಕಲೆ ಬಿಡುತ್ತದೆ. ಹೇರ್ ಡ್ರೈಯರ್ ಬೇಡ, ಆ ಬಿಸಿಗೆ ಹಾಳೆಗಳು ಸೊಟ್ಟಗಾಗುತ್ತವೆ. ಬರೀ ನೀರಾದರೆ ಫ್ಯಾನಿನ ಗಾಳಿಯಲ್ಲಿ ಕನಿಷ್ಠ ಎರಡು ದಿನ, ಮಳೆಗಾಲದಲ್ಲಿ ಮೂರು ನಾಲ್ಕು ದಿನ ಬಿಡಬೇಕು. ಗ್ಲಾಸ್ ಕ್ಲೀನರ್ ಅಥವಾ ಸೋಪು ನೀರಾದರೆ ಒಣಗಿದ ಮೇಲೂ ಅದರ ಅಂಶ ಉಳಿಯುವುದರಿಂದ ಕಾಯುವುದಕ್ಕಿಂತ ಮೆಕ್ಯಾನಿಕ್‌ನನ್ನು ಬೇಗ ಕರೆಸುವುದು ಒಳ್ಳೆಯದು. ಏನು ಹೊಡೆದಿರಿ, ಎಷ್ಟು ಹೊಡೆದಿರಿ ಎಂಬುದನ್ನು ಅವರಿಗೆ ಮುಚ್ಚಿಡಬೇಡಿ. ಗೊತ್ತಿದ್ದರೆ ಅವರು ಕರೆಂಟ್ ಕೊಡುವ ಮೊದಲೇ ಅಂಚು ಬಿಚ್ಚಿ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಸಿಒಎಫ್ ತೊಳೆಯುತ್ತಾರೆ. ಗೊತ್ತಿಲ್ಲದಿದ್ದರೆ ಮೊದಲು ಪ್ಲಗ್ ಹಾಕಿಯೇ ಪರೀಕ್ಷಿಸುತ್ತಾರೆ.