ಕಣಿವೆಯ ನೀರಿನ ಲೆಕ್ಕಕ್ಕೆ ಸ್ವಾಟ್ (SWAT) ಸಾಫ್ಟ್‌ವೇರ್ ಒಳ್ಳೆಯದಾ, ವೀಪ್ (WEAP) ಒಳ್ಳೆಯದಾ?

ಕಾವೇರಿ ಕಣಿವೆಯನ್ನೇ ತಗೊಳ್ಳಿ. ಮಳೆ ಬಿದ್ದರೆ ಹೊಳೆಗೆ ಎಷ್ಟು ನೀರು ಬರುತ್ತದೆ ಅಂತ ತಿಳಿಯಬೇಕಾ, ಬಂದ ನೀರನ್ನು ಯಾರಿಗೆ ಎಷ್ಟು ಹಂಚುವುದು ಅಂತಾನಾ?

ಮೊದಲನೆಯದಕ್ಕೆ ಸ್ವಾಟ್. ಅಮೆರಿಕದ ಕೃಷಿ ಇಲಾಖೆಯವರು ಬೆಳೆಸಿದ್ದು, ಪೂರ್ತಿ ಉಚಿತ. ಕೊಡಗಿನಲ್ಲಿ ಕಾಫಿ ತೋಟ ಹೋಗಿ ಲೇಔಟ್ ಬಂದರೆ ಹರಿವು ಹೇಗೆ ಬದಲಾಗುತ್ತದೆ ಅಂತ ನೋಡಲು ಇದೇ ಸರಿ. ಆದರೆ ಮಣ್ಣು, ಬೆಳೆ, ದಿನದಿನದ ಮಳೆ ಎಲ್ಲ ಕೇಳುತ್ತದೆ. ಅದು ಕೊಡುವ ಲೆಕ್ಕವನ್ನು ಹೊಳೆಯಲ್ಲಿ ಅಳೆದ ಹರಿವಿಗೆ ತಾಳೆ ಮಾಡುವಷ್ಟರಲ್ಲಿ ಸಾಕಾಗಿ ಹೋಗುತ್ತದೆ.

ಹಂಚಿಕೆಗೆ ವೀಪ್, ಸ್ಟಾಕ್‌ಹೋಮ್ ಪರಿಸರ ಸಂಸ್ಥೆಯದ್ದು. ಪ್ರತಿ ಬೇಡಿಕೆಗೂ 1ರಿಂದ 99ರವರೆಗೆ ಆದ್ಯತೆ ಕೊಡಬಹುದು, 1 ಅಂದರೆ ಎಲ್ಲರಿಗಿಂತ ಮೊದಲು. ಬೆಂಗಳೂರಿನ ಕುಡಿಯುವ ನೀರಿಗೆ 1, ಮಂಡ್ಯದ ನಾಲೆಗೆ 2 ಅಂತ ಹಾಕಿ, 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಬಿಡಲೇಬೇಕು ಅಂತ ಇಟ್ಟು ಓಡಿಸಿದರೆ, ಬರದ ವರ್ಷ ಯಾವ ತಿಂಗಳು ಯಾರಿಗೆ ಖೋತಾ ಅನ್ನೋದು ಕಾಣುತ್ತದೆ. ಆ 1, 2 ಹಾಕುವವರು ನೀವೇ, ಸಾಫ್ಟ್‌ವೇರ್ ಅಲ್ಲ. ಜಗಳ ಶುರುವಾಗೋದೂ ಅಲ್ಲೇ ಅಲ್ವಾ! ಲೈಸೆನ್ಸ್ ನಮ್ಮ ಸರ್ಕಾರಿ ಇಲಾಖೆ, ಕಾಲೇಜುಗಳಿಗೆ ಉಚಿತ. ಕನ್ಸಲ್ಟೆಂಟ್‌ಗಳು ದುಡ್ಡು ಕಟ್ಟಬೇಕು.

ಟೈಮ್ ಕಮ್ಮಿ ಇದ್ದರೆ ವೀಪ್‌ನಿಂದಲೇ ಶುರು ಮಾಡಿ, ಹಂಚಿಕೆಗೆ ತಿಂಗಳ ಲೆಕ್ಕ ಸಾಕು. ಪ್ರವಾಹದ ಗಂಟೆಗಂಟೆ ಲೆಕ್ಕ ಬೇಕಾದರೆ ಸುಮ್ನೆ ಇವೆರಡನ್ನೂ ಬಿಟ್ಟು ಹೆಕ್-ಎಚ್‌ಎಂಎಸ್ (HEC-HMS) ಅನ್ನೋ ಸಾಫ್ಟ್‌ವೇರ್ ನೋಡಿ.