ಮೆಕ್ಸಿಕೊದ ಓಣಿ ಟೋರ್ಟಿಯೆರಿಯ: ಕನ್ನಡದ ಅಡುಗೆಮನೆಗೆ ಎಷ್ಟು ಒದಗುತ್ತದೆ?

ಮೆಕ್ಸಿಕೊದಲ್ಲಿ ಹೊಸದಾಗಿ ಮನೆ ಮಾಡಿದ ಕನ್ನಡಿಗರು ಮೊದಲು ಹುಡುಕುವುದು ಚಪಾತಿ ಹಿಟ್ಟನ್ನು. ಅಷ್ಟರಲ್ಲಿ ಎರಡು ಓಣಿ ಆಚೆಗೆ, ಬಿಸಿ ರೊಟ್ಟಿಯನ್ನು ತಕ್ಕಡಿಗೆ ಹಾಕಿ ಕಿಲೊ ಲೆಕ್ಕದಲ್ಲಿ ಕೊಡುವ ಟೋರ್ಟಿಯೆರಿಯ ಎಂಬ ಅಂಗಡಿಯೊಂದು ಇದ್ದೇ ಇರುತ್ತದೆ. ಈ ದೇಶದ ದಿನಬಳಕೆಯ ಸೇವೆಗಳಲ್ಲಿ ಟೋರ್ಟಿಯೆರಿಯಕ್ಕೇ ಮೊದಲ ಸ್ಥಾನ ಕೊಡಬೇಕು. ಆದರೆ ಅಂಗಡಿಯಿಂದ ಅಂಗಡಿಗೆ ರೊಟ್ಟಿಯ ಗುಣ ಬಹಳ ಬೇರೆ. ಅಷ್ಟೇ ಅಲ್ಲ, ಅಲ್ಲಿ ಸಿಗುವ ಅತ್ಯುತ್ತಮ ಮಾಲು ರೊಟ್ಟಿಯಲ್ಲ, ಅದರ ಹಿಂದಿರುವ ಹಸಿ ಮುದ್ದೆ. ಅದನ್ನು ಕೇಳಿ ಕೊಳ್ಳುವವರು ಕಡಿಮೆ.

ಮೊದಲು ಅಂಗಡಿ ಆರಿಸುವ ವಿಷಯ. ಒಳ್ಳೆಯ ಟೋರ್ಟಿಯ, ಅಂದರೆ ಈ ಮೆಕ್ಕೆಜೋಳದ ರೊಟ್ಟಿ, ಆಗುವುದು ನಿಕ್ಸ್ತಮಾಲ್‌ನಿಂದ. ಒಣ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ನೆನೆಯಬಿಟ್ಟು, ಬೆಳಿಗ್ಗೆ ತೊಳೆದು ಕಲ್ಲಿನ ಗಿರಣಿಯಲ್ಲಿ ಅರೆಯುತ್ತಾರೆ. ಕಿಲೊ ಜೋಳಕ್ಕೆ ಸುಮಾರು 10 ಗ್ರಾಂ ಅಡುಗೆ ಸುಣ್ಣ ಸಾಕು. ಸುಣ್ಣ ಕಾಳಿನ ಸಿಪ್ಪೆಯನ್ನು ಸಡಿಲಿಸಿ ಒಳಗಿನ ಅಂಟನ್ನು ಹೊರತರುತ್ತದೆ. ಹಾಗಾಗಿಯೇ ಗೋಧಿಯ ಜಿಗುಟು ಇಲ್ಲದಿದ್ದರೂ ಹಿಟ್ಟು ಒಂದಾಗಿ ನಿಲ್ಲುತ್ತದೆ. ಜೋಳದಲ್ಲಿ ಬಿಗಿದುಕೊಂಡಿರುವ ನಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುವುದೂ ಸುಣ್ಣದಿಂದಲೇ. ಮೆಕ್ಕೆಜೋಳ ಯುರೋಪಿಗೆ ಹೋಯಿತು, ಸುಣ್ಣದ ಪದ್ಧತಿ ಹೋಗಲಿಲ್ಲ. ಬರೀ ಜೋಳವನ್ನೇ ನಂಬಿದ ಉತ್ತರ ಇಟಲಿಯ ಬಡವರು ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರಾ ರೋಗಕ್ಕೆ ತುತ್ತಾದರು.

ಇಷ್ಟೆಲ್ಲ ಮಾಡುವ ಬದಲು ಮಸೇಕಾ, ಮಿನ್ಸಾ ತರಹದ ಸಿದ್ಧ ಹಿಟ್ಟಿನ ಚೀಲ ತಂದು ನೀರು ಬೆರೆಸಿ ಯಂತ್ರಕ್ಕೆ ಹಾಕುವ ಅಂಗಡಿಗಳೂ ಬೇಕಾದಷ್ಟಿವೆ, ಎರಡನ್ನೂ ಬೆರೆಸುವವರೂ ಇದ್ದಾರೆ. ಗುರುತು ಹಿಡಿಯುವುದು ಸುಲಭ. ಒಳಗೆ ನೆನೆಹಾಕಿದ ಕಾಳಿನ ತೊಟ್ಟಿ, ಗಿರಣಿ, ಒದ್ದೆ ನೆಲ ಕಂಡರೆ ನಿಕ್ಸ್ತಮಾಲ್. ಕಲಸುವ ಯಂತ್ರದ ಪಕ್ಕದಲ್ಲಿ ಕಾಗದದ ಚೀಲಗಳಷ್ಟೇ ಒಟ್ಟಿದ್ದರೆ ಹಿಟ್ಟಿನದು. ಸಂಕೋಚವಿಲ್ಲದೆ ‘ಎಸ್ ನಿಕ್ಸ್ತಮಾಲ್ ಓ ಮಸೇಕಾ?’ ಎಂದು ಕೇಳಿದರೂ ನಡೆಯುತ್ತದೆ. ‘ಅರಿನಾ’ (ಹಿಟ್ಟು) ಅಂತ ಮಾತ್ರ ಬಾಯಿ ಬಿಡಬೇಡಿ, ಗೋಧಿ ಟೋರ್ಟಿಯ ಕೇಳುತ್ತಿದ್ದೀರಿ ಅಂದುಕೊಳ್ಳುತ್ತಾರೆ. ಇನ್ನೊಂದು ಪರೀಕ್ಷೆ ಮರುದಿನದ್ದು. ನಿಕ್ಸ್ತಮಾಲ್‌ನ ರೊಟ್ಟಿ ಹೆಂಚಿನ ಮೇಲೆ ಬಿಸಿಯಾದ ಕೂಡಲೇ ಮತ್ತೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ, ಬರೀ ಹಿಟ್ಟಿನದು ಮಡಿಕೆಯಲ್ಲೇ ಸೀಳುತ್ತದೆ. ಬಣ್ಣ ತೀರಾ ಹಳದಿಯಾಗಿ ಸೋಪಿನಂಥ ಘಾಟು ಬಂದರೆ ಸುಣ್ಣ ಹೆಚ್ಚಾಗಿದೆ ಎಂದರ್ಥ. ಹುಳಿ ವಾಸನೆ ಬಂದರೆ ಹಿಟ್ಟು ಹಳೆಯದು. ಎರಡರಲ್ಲಿ ಯಾವುದಾದರೂ ಪದೇಪದೇ ಕಂಡರೆ ಅಂಗಡಿ ಬದಲಿಸುವುದೇ ಸರಿ.

ಹೊತ್ತೂ ಮುಖ್ಯ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಸಾಲು ಉದ್ದ, ಆದರೆ ಯಂತ್ರದಿಂದ ಇಳಿದದ್ದು ಇಳಿದ ಹಾಗೇ ಕೈಗೆ ಬರುತ್ತದೆ. ಸಂಜೆ ಐದಾರಕ್ಕೆ ಎಷ್ಟೋ ಅಂಗಡಿಗಳು ಬಾಗಿಲು ಹಾಕುತ್ತವೆ, ಭಾನುವಾರ ಇನ್ನೂ ಬೇಗ. ಹೋಗುವಾಗ ದಪ್ಪ ಹತ್ತಿ ಬಟ್ಟೆ ಒಯ್ಯಿರಿ. ಇಲ್ಲವಾದರೆ ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ಅದೂ ಪರವಾಗಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ನೇರವಾಗಿ ಹಾಕಿಸಿಕೊಂಡರೆ ರೊಟ್ಟಿ ತನ್ನ ಹಬೆಯಲ್ಲೇ ಬೆವರಿ ಮನೆಗೆ ಬರುವಷ್ಟರಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಚಿಲ್ಲರೆ ಇರಲಿ, ಕಾರ್ಡ್ ನಡೆಯುವುದು ಅಪರೂಪ. ಕಿಲೊಗೆ ಗಾತ್ರದ ಮೇಲೆ 35ರಿಂದ 40 ರೊಟ್ಟಿ ತೂಗುತ್ತವೆ, ಮೂರು ಜನರ ಒಂದು ಊಟಕ್ಕೆ ‘ಮೇದಿಯೊ ಕಿಲೊ’ (ಅರ್ಧ ಕಿಲೊ) ಸಾಕು. ‘ದಿಯೆಸ್ ಪೆಸೊಸ್’ (ಹತ್ತು ಪೆಸೊ) ಎಂದು ಹಣದ ಲೆಕ್ಕದಲ್ಲಿ ಕೇಳುವುದೂ ರೂಢಿ. ಕೌಂಟರ್ ಮೇಲೆ ಉಪ್ಪಿನ ಡಬ್ಬಿ ಇಟ್ಟಿರುತ್ತಾರೆ. ಸರದಿಯಲ್ಲಿ ನಿಂತವರು ತೂಗಿಸಿಕೊಂಡ ಕಟ್ಟಿನಿಂದಲೇ ಒಂದು ಎಳೆದು, ಚಿಟಿಕೆ ಉಪ್ಪು ಉದುರಿಸಿ, ಅಂಗೈಯಲ್ಲಿ ಹೊಸೆದು ಸುರುಳಿ ಮಾಡಿ ಅಲ್ಲೇ ತಿನ್ನುತ್ತಾರೆ. ಟೋರ್ಟಿಯಕ್ಕೆ ಉಪ್ಪು ಹಾಕಿರುವುದಿಲ್ಲ, ಹಾಗಾಗಿ ಜೋಳದ ನಿಜವಾದ ರುಚಿ ಗೊತ್ತಾಗುವುದು ಆ ಒಂದು ಸುರುಳಿಯಲ್ಲೇ. ಅಂಗಡಿ ಹೇಗಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಬೆಲೆಗೆ ಸರ್ಕಾರದ ನಿಯಂತ್ರಣ 1999ರಿಂದ ಇಲ್ಲ. 2007ರ ಆರಂಭದಲ್ಲಿ ದರ ಏರಿದಾಗ ಜನ ಬೀದಿಗಿಳಿದಿದ್ದರು. ಈಚೆಗೆ ಮೆಕ್ಸಿಕೊ ಸಿಟಿಯಲ್ಲಿ ಕಿಲೊಗೆ 20ರಿಂದ 25 ಪೆಸೊ, ಉತ್ತರದ ಊರುಗಳಲ್ಲಿ ಅದಕ್ಕಿಂತ ಹೆಚ್ಚು. ಸೂಪರ್‌ಮಾರ್ಕೆಟ್‌ನಲ್ಲಿ ಇನ್ನೂ ಅಗ್ಗ, ಆದರೆ ಆ ಉಳಿತಾಯವನ್ನು ನಾವು ಶಿಫಾರಸು ಮಾಡುವುದಿಲ್ಲ. ಮೂಲೆ ಅಂಗಡಿಯಲ್ಲಿ ಬಿಸಿ ಆರದಿರಲೆಂದು ಐಸ್‌ಪೆಟ್ಟಿಗೆಯಲ್ಲಿಟ್ಟು ಮಾರುವ ಕಟ್ಟುಗಳು ಬೈಕ್ ಮೇಲೆ ಬಂದು ಗಂಟೆಗಟ್ಟಲೆ ಬೆವರಿದವು, ತುರ್ತಿಗೆ ಮಾತ್ರ.

ಈಗ ಹಸಿ ಮುದ್ದೆಯ ವಿಷಯ. ಗಿರಣಿ ಇರುವ ಅಂಗಡಿಯಲ್ಲಿ ‘ಮಾಸಾ’ವನ್ನು ಕಿಲೊ ಲೆಕ್ಕದಲ್ಲಿ ಮಾರುತ್ತಾರೆ, ಟೋರ್ಟಿಯಕ್ಕಿಂತ ಅಗ್ಗ. ‘ಮಾಸಾ ಪಾರಾ ಟೋರ್ಟಿಯ’ ಎಂದೇ ಕೇಳಿ. ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ತಮಾಲೆ ಕಡುಬಿಗೆಂದು ಕಲಸಿಟ್ಟ ‘ಮಾಸಾ ಪ್ರೆಪರಾದಾ’ದಲ್ಲಿ ಸಾಮಾನ್ಯವಾಗಿ ಹಂದಿ ಕೊಬ್ಬು ಸೇರಿರುತ್ತದೆ. ಬೆಳಿಗ್ಗೆಯೇ ಕೊಳ್ಳಿ. ಸೆಕೆಯ ದಿನ ಹೊರಗಿಟ್ಟರೆ ಸಂಜೆಗೆ ಹುಳಿಯಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಮರುದಿನಕ್ಕೆ ಬರುತ್ತದೆ, ಆದರೆ ನೀರು ಚಿಮುಕಿಸಿ ಚೆನ್ನಾಗಿ ನಾದಬೇಕು.

ನಮ್ಮ ಬಿಳಿಜೋಳದ ಹಿಟ್ಟಿಗೆ ಕುದಿವ ನೀರು ಹೊಯ್ದು ನಾದಿ ಬಡಿದವರ ಕೈಗೆ ಈ ಮುದ್ದೆ ಬೇಗ ಒಗ್ಗುತ್ತದೆ. ಬಿಸಿನೀರು ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಸುಣ್ಣ ಮತ್ತು ಬೇಯಿಸುವಿಕೆ ಮೊದಲೇ ಮುಗಿಸಿರುತ್ತವೆ, ತಣ್ಣೀರೇ ಸಾಕು. ಆದರೆ ಬಿಜಾಪುರದ ರೊಟ್ಟಿಯ ತೆಳುವನ್ನು ಕೈಬಡಿತದಲ್ಲಿ ನಿರೀಕ್ಷಿಸಬೇಡಿ, ಅಂಚು ಬಿರಿಯುತ್ತದೆ. ತೆಳುವಾಗಿ ಬೇಕೆಂದರೆ ಮಾರುಕಟ್ಟೆಯಲ್ಲಿ ಸಿಗುವ ಒತ್ತುಮಣೆ ತನ್ನಿ, ಹಗುರ ಅಲ್ಯುಮಿನಿಯಂನದಕ್ಕಿಂತ ಬೀಡು ಕಬ್ಬಿಣದ್ದು ವಾಸಿ. ದಿನಸಿ ಚೀಲವನ್ನು ಕತ್ತರಿಸಿ ಎರಡು ಹಾಳೆ ಮಾಡಿಕೊಳ್ಳಿ. 30–35 ಗ್ರಾಂ ಉಂಡೆಯನ್ನು ನಡುವೆ ಇಟ್ಟು ಒತ್ತಿ, ಕಾದ ಹೆಂಚಿಗೆ ಹಾಕಿ 15–20 ಸೆಕೆಂಡ್ ಬಿಡಿ. ಅಂಚು ತಾನೇ ಬಿಟ್ಟುಕೊಂಡ ಕೂಡಲೇ ಮಗುಚಿ, ಎರಡನೇ ಬದಿಗೆ ಮುಕ್ಕಾಲು ನಿಮಿಷ. ಮತ್ತೆ ಮಗುಚಿ ಮೆಲ್ಲಗೆ ಒತ್ತಿದರೆ ಉಬ್ಬಬೇಕು. ಉಬ್ಬದಿದ್ದರೆ ಹೆಂಚು ಸಾಕಷ್ಟು ಕಾದಿಲ್ಲ, ಇಲ್ಲವೇ ಮೊದಲ ಬದಿಯನ್ನು ಹೆಚ್ಚು ಹೊತ್ತು ಬಿಟ್ಟು ಒಣಗಿಸಿದ್ದೀರಿ. ಹಾಳೆಗೆ ಅಂಟಿದರೆ ನೀರು ಹೆಚ್ಚು, ಅಂಚು ಸೀಳಿದರೆ ಕಡಿಮೆ. ಚಮಚ ಚಮಚವಾಗಿ ಸರಿಪಡಿಸಿ, ಒಮ್ಮೆಗೇ ಹೊಯ್ಯಬೇಡಿ.

ಅಕ್ಕಿರೊಟ್ಟಿಯ ಮಾದರಿಯಲ್ಲಿ ಮಾಡಿದರೆ ಈ ಮುದ್ದೆ ಇನ್ನೂ ಚೆನ್ನ. ಅರ್ಧ ಕಿಲೊ ಮಾಸಾಕ್ಕೆ ಹೆಚ್ಚಿದ ಒಂದು ಈರುಳ್ಳಿ, ಎರಡು ಸೆರ್ರಾನೊ ಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ, ಜೀರಿಗೆ, ಮುಕ್ಕಾಲು ಚಮಚ ಉಪ್ಪು. ಸಬ್ಬಸಿಗೆ ಬೇಕಾದರೆ ‘ಎನೆಲ್ಡೊ’ ಎಂದು ಕೇಳಿ. ಬಾಳೆ ಎಲೆ ಮಾರುಕಟ್ಟೆಗಳಲ್ಲಿ ತಮಾಲೆಗೆಂದು ಮಡಚಿಟ್ಟು ಮಾರುತ್ತಾರೆ. ಅದರ ಮೇಲೆ ತಟ್ಟಿ, ಎಲೆ ಸಮೇತ ಹೆಂಚಿಗೆ ಬೋರಲು ಹಾಕಿ, ಎಲೆ ಬಾಡಿದ ಮೇಲೆ ಎಳೆದರೆ ಬಿಟ್ಟುಕೊಳ್ಳುತ್ತದೆ. ನಂಚಿಕೊಳ್ಳಲು ಸಾಲ್ಸಾ ಮಾಚಾ ಇದೆ: ಒಣಮೆಣಸು, ಬೆಳ್ಳುಳ್ಳಿ, ಶೇಂಗಾ, ಎಳ್ಳನ್ನು ಎಣ್ಣೆಯಲ್ಲಿ ಹುರಿದು ಅರೆದದ್ದು. ಶೇಂಗಾ ಚಟ್ನಿಗೆ ಎಣ್ಣೆ ಹೊಯ್ದುಕೊಂಡು ಉಣ್ಣುವವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ.

ಸಿದ್ಧ ಹಿಟ್ಟಿನ ಪೊಟ್ಟಣವನ್ನು ತೆಗೆದುಹಾಕುವ ಹಾಗಿಲ್ಲ. ಗಿರಣಿ ದೂರವಿರುವವರಿಗೆ ಅದೇ ಗತಿ. ಎರಡು ಲೋಟ ಹಿಟ್ಟಿಗೆ ಒಂದೂವರೆ ಲೋಟ ನೀರು, ಕಲಸಿ ಮುಚ್ಚಿ ಹದಿನೈದು ನಿಮಿಷ ಬಿಡಿ. ಈ ಬಿಡುವು ಕೊಡದಿದ್ದರೆ ಹಿಟ್ಟು ನೀರು ಕುಡಿದಿರುವುದಿಲ್ಲ, ರೊಟ್ಟಿ ಪುಡಿಪುಡಿಯಾಗುತ್ತದೆ. ಪರಿಮಳ ಮಾತ್ರ ಗಿರಣಿಯ ಮಾಸಾದ ಅರ್ಧಕ್ಕೂ ಬರುವುದಿಲ್ಲ.

ಸಸ್ಯಾಹಾರಿಗಳು ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಮೆಕ್ಕೆಜೋಳದ ಟೋರ್ಟಿಯದಲ್ಲಿ ಮೆಕ್ಕೆಜೋಳ, ನೀರು, ಸುಣ್ಣ, ಅಷ್ಟೇ. ಗೋಧಿಯದು ಹಾಗಲ್ಲ. ಉತ್ತರದಲ್ಲಿ ಗೋಧಿ ಟೋರ್ಟಿಯದ್ದೇ ರಾಜ್ಯ. ಇನ್ಫೋಸಿಸ್ 2007ರಲ್ಲಿ ಅದೇ ಉತ್ತರದ ಮಾಂಟೆರ‍್ರೇಯಲ್ಲಿ ಕಚೇರಿ ತೆರೆದಂದಿನಿಂದ ಬೆಂಗಳೂರಿನಿಂದ ಅಲ್ಲಿಗೆ ಹೋಗಿ ನೆಲೆಸುವವರಿದ್ದಾರೆ. ಅವರ ಕಣ್ಣಿಗೆ ಅದು ಚಪಾತಿಯೇ, ಆದರೆ ಸಾಂಪ್ರದಾಯಿಕವಾಗಿ ಅದನ್ನು ನಾದುವುದು ಹಂದಿ ಕೊಬ್ಬಿನಲ್ಲಿ. ಪೊಟ್ಟಣದ ಮೇಲೆ ‘ಮಾಂತೇಕಾ ದೆ ಸೆರ್ದೊ’ ಎಂದಿದ್ದರೆ ಹಂದಿ ಕೊಬ್ಬು, ‘ಮಾಂತೇಕಾ ವೆಹೆತಾಲ್’ ಎಂದಿದ್ದರೆ ವನಸ್ಪತಿ, ‘ಮಾಂತೆಕಿಯಾ’ ಬೆಣ್ಣೆ. ಬರೀ ‘ಮಾಂತೇಕಾ’ ಎಂದಿದ್ದರೆ ಬಿಟ್ಟುಬಿಡಿ. ಕೈಯಲ್ಲಿ ಮಾಡಿ ಮಾರುವವರ ಬಳಿ ‘ಯೇವಾ ಮಾಂತೇಕಾ?’ (ಮಾಂತೇಕಾ ಹಾಕಿದೆಯೇ?) ಎಂದು ಕೇಳಿದರೆ ನೇರವಾಗಿ ಹೇಳುತ್ತಾರೆ. ಅರೆದು ಹುರಿದ ಬೀನ್ಸ್ ಕಾಳಿಗೂ ಇದೇ ಪ್ರಶ್ನೆ ಹಾಕಿ.

ಮಿಕ್ಕ ರೊಟ್ಟಿಯನ್ನು ಪೂರ್ತಿ ಆರಿಸಿದ ಮೇಲೆ ಚೀಲಕ್ಕೆ ಹಾಕಿ ಫ್ರಿಜ್‌ನಲ್ಲಿಟ್ಟರೆ ನಾಲ್ಕು ದಿನ ಬರುತ್ತದೆ. ಬಿಸಿ ಮಾಡುವಾಗ ಒಣ ಹೆಂಚಿನ ಮೇಲೆ ಒಂದೊಂದು ಬದಿಗೆ ಅರ್ಧ ನಿಮಿಷ, ತೆಗೆದವನ್ನು ಬಟ್ಟೆಯೊಳಗೆ ಒಟ್ಟುತ್ತಾ ಹೋಗಿ. ಗಟ್ಟಿಯಾದವನ್ನು ಹರಿದು ಚೂರು ಮಾಡಿ, ಸಾಸಿವೆ, ಈರುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ ಮುಚ್ಚಿಟ್ಟರೆ ಬೆಳಗಿನ ತಿಂಡಿಯಾಗುತ್ತದೆ. ಕೊನೆಯಲ್ಲಿ ಹಿಂಡಲು ಇಲ್ಲಿನ ಚಿಕ್ಕ ಹಸಿರು ನಿಂಬೆಯೇ ಸರಿ.